ತೊಳೆದದ್ದು ತೊಳೆಯಿತೆ?

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿ ಸನವಳ್ಳಿ ಎಂಬ ಊರುಂಟು. ಅಲ್ಲಿಯ ಜಲಾಶಯದ ದೆಸೆಯಿಂದ ಸುತ್ತಿನವರಿಗೆಲ್ಲ ಆ ಹೆಸರು ಪರಿಚಿತವಾದುದು. ಅಂಥ ಊರಿನ ಮನೆಯೊಂದರಲ್ಲಿ ಯಾರಿಗಾದರೂ ಶಸ್ತ್ರಕ್ರಿಯೆ ಆಗಬೇಕೆಂದಾಗ ಮನೆಯವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಡಾಕ್ಟರರು ಯಾರು? ಖರ್ಚು ಎಷ್ಟಾದೀತು? ಎಷ್ಟು ದಿವಸ ಮಲಗಿರಬೇಕು? ಮುಂಡಗೋಡದಲ್ಲಿಯೇ ಕೆಲಸವಾಗುವಂತಿದ್ದರೆ ಸರಿ. ಇಲ್ಲದಿದ್ದರೆ ಹುಬ್ಬಳ್ಳಿಯ ದಾರಿ. ಈ ಮೂರು ಪ್ರಶ್ನೆಗಳೂ ಯೋಗ್ಯವಾದವುಗಳೇ. ಆದರೆ ನಾಲ್ಕನೆಯದೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ಈ ದಿನ ನಮ್ಮವರ ಮೈಯನ್ನು ಸೋಂಕಲಿರುವ ಕತ್ತರಿ ಚಿಮಟಗಳು ನಿನ್ನೆ ಮತ್ತೊಬ್ಬರ ರಕ್ತದಲ್ಲಿ ಅದ್ದಿದ್ದವು. ನಡುವೆ ಅವುಗಳನ್ನು ತೊಳೆದಿದ್ದಾರೆ, ದಿಟ. ಆದರೆ ತೊಳೆದದ್ದು ತೊಳೆಯಿತೆ ಎಂಬುದನ್ನು ನೋಡಿದವರು ಯಾರು? ನೋಡಿದ್ದು ಹೇಗೆ?

ನಾವು ಕೇಳದಿರುವುದಕ್ಕೆ ಕಾರಣವಿದೆ. ಮಿರಮಿರನೆ ಹೊಳೆಯುವ ಉಕ್ಕನ್ನು ಕಂಡಕೂಡಲೆ ಮನಸ್ಸಿಗೆ ಭರವಸೆ ಬಂದುಬಿಡುತ್ತದೆ. ಮೇಲಾಗಿ 'ಎಲ್ಲವನ್ನೂ ಉಗಿಯಲ್ಲಿ ಬೇಯಿಸಿ ಕೊಡುತ್ತಾರೆ' ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಬೇಯಿಸಿದ ಮೇಲೆ ಇನ್ನೇನು ಉಳಿದೀತು ಎಂಬುದು ನಮ್ಮ ತರ್ಕ. ಸಾಮಾನ್ಯರಾದ ನಾವು ಮಾತ್ರವಲ್ಲ, ವೈದ್ಯಲೋಕವೂ ಬಹುಕಾಲ ಇದೇ ತರ್ಕದ ಮೇಲೆ ನಿಂತಿದ್ದಿತು. ಆ ತರ್ಕ ಎಲ್ಲಿ ಸೋತಿತು, ಸೋತ ಮೇಲೆ ಏನಾಯಿತು ಎಂಬುದೇ ಈ ಬರಹದ ವಸ್ತು.

ಮೊದಲು ಮಾತಿನ ವಿಚಾರ. ಕನ್ನಡದಲ್ಲಿ 'ತೊಳೆ' ಎಂಬುದು ಒಂದು ಕ್ರಿಯೆ, 'ಬೆಳಗು' ಎಂಬುದು ಇನ್ನೊಂದು, 'ಕುದಿಸು' ಎಂಬುದು ಮತ್ತೊಂದು. ತೊಳೆಯುವುದೆಂದರೆ ಹತ್ತಿಕೊಂಡಿದ್ದ ಕೊಳೆಯನ್ನು ಅಲ್ಲಿಂದ ತೆಗೆದುಹಾಕುವುದು. ಬೆಳಗುವುದೆಂದರೆ ಹುಣಸೆಹಣ್ಣು ಬೂದಿಗಳಿಂದ ತಿಕ್ಕಿ ಹೊಳಪು ಬರಿಸುವುದು. ಕುದಿಸುವುದೆಂದರೆ ಶಾಖ ಕೊಡುವುದು. ಅದರಿಂದ ಜೀವಾಣುಗಳು ಸಾಯುತ್ತವೆ. ನಮ್ಮ ಅಡಿಗೆಮನೆಯ ಹೆಣ್ಣುಮಕ್ಕಳು ಈ ಮೂರನ್ನೂ ಎಂದೂ ಒಂದೆಂದು ತಿಳಿದವರಲ್ಲ. ಹಾಲು ಕಾಯಿಸಿದ ಪಾತ್ರೆಯನ್ನು ತೊಳೆಯದೆಯೇ ಮತ್ತೆ ಒಲೆಯ ಮೇಲಿಟ್ಟವರುಂಟೆ? ಬೆಂಕಿಯಿಂದ ಹಾಲಿನ ಕೆನೆ ಹೋಗುವುದಿಲ್ಲ. ಸೀದು ತಳಕ್ಕೆ ಹತ್ತುತ್ತದೆ. ಆಸ್ಪತ್ರೆಯ ಇತಿಹಾಸದಲ್ಲಿ ಮಾತ್ರ ಈ ಮೂರು ಕ್ರಿಯಾಪದಗಳು ಒಂದರೊಳಗೊಂದು ಬೆರೆತುಹೋಗಿ, ಅವುಗಳನ್ನು ಮತ್ತೆ ಬಿಡಿಸಿಕೊಳ್ಳಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು.

ನಮ್ಮ ಪ್ರಾಚೀನರಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯಲ್ಲಿ ೧೦೧ ಯಂತ್ರಗಳೂ ೨೦ ಶಸ್ತ್ರಗಳೂ ಹೇಳಲ್ಪಟ್ಟಿವೆ. ಹಿಡಿಯುವ, ಎಳೆಯುವ ಸಲಕರಣೆಗಳು ಯಂತ್ರಗಳು. ಕತ್ತರಿಸುವ, ಚುಚ್ಚುವ ಸಲಕರಣೆಗಳು ಶಸ್ತ್ರಗಳು. ಯಂತ್ರಗಳಲ್ಲೆಲ್ಲ ವೈದ್ಯನ ಕೈಯೇ ಮುಖ್ಯವಾದುದೆಂದು ಸುಶ್ರುತನ ಮತ. ಸೊಟ್ಟಾದುದು, ಮೊಂಡಾದುದು, ಮುರಿದುದು, ಗರಗರ ಅಂಚುಳ್ಳದ್ದು ಎಂದು ಮುಂತಾಗಿ ಶಸ್ತ್ರದೋಷಗಳು ಎಂಟನ್ನು ಅವನು ಎಣಿಸುತ್ತಾನೆ. ಶಸ್ತ್ರದ ಅಲಗು ಕೂದಲನ್ನು ಸೀಳುವಷ್ಟು ಹರಿತವಾಗಿರಬೇಕೆಂಬುದು ಅಂದಿನ ಪರೀಕ್ಷೆ. ಮೈಯಲ್ಲಿಯ ಕೊಬ್ಬಿನ ಭಾಗವನ್ನು ಕೊಯ್ಯುವಾಗ ಬೆಂಕಿಯಲ್ಲಿ ಕಾಯಿಸಿದ ಶಸ್ತ್ರವನ್ನು ಬಳಸಬೇಕೆಂಬ ಮಾತೂ ಅಲ್ಲಿದೆ. ಕಾಯಿಸದ ಶಸ್ತ್ರದಿಂದ ಕೊಯ್ದರೆ ಕೀವಾಗುವ ಭಯವುಂಟೆಂದು ವ್ಯಾಖ್ಯಾನಕಾರನಾದ ಡಲ್ಹಣನು ವಿವರಿಸಿದ್ದಾನೆ. ಇಲ್ಲಿ ಹರಿತಕ್ಕೆ ಪರೀಕ್ಷೆಯಿದೆ, ಶಾಖದ ಅರಿವಿದೆ. ತೊಳೆದದ್ದಕ್ಕೆ ಪ್ರತ್ಯೇಕವಾದ ಪರೀಕ್ಷೆ ಮಾತ್ರ ಇನ್ನೂ ಹುಟ್ಟಿರಲಿಲ್ಲ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಕಣ್ಣಿಗೆ ಕಾಣದ ಕೊಳೆಯನ್ನು ಅಳೆಯುವ ಸಾಧನ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಇನ್ನು ಯುರೋಪಿನ ಕಡೆಗೆ ಹೋಗೋಣ. ೧೮೪೭ನೆಯ ಇಸವಿ, ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆ. ಅಲ್ಲಿಯ ಒಂದು ವಿಭಾಗದಲ್ಲಿ ವೈದ್ಯ ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದು ಪರೀಕ್ಷಿಸಿ, ಅದೇ ಕೈಗಳಿಂದ ಬಾಣಂತಿಯರನ್ನು ನೋಡುತ್ತಿದ್ದರು. ೧೮೪೬ರಲ್ಲಿ ಆ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ತಾಯಂದಿರು ಸತ್ತಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಒಂದು ಸಂಗತಿಯನ್ನು ಗಮನಿಸಿದನು. ವಿದ್ಯಾರ್ಥಿಗಳು ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬರುತ್ತಿದ್ದರು, ಕೈ ನೋಡಲು ಸ್ವಚ್ಛವಾಗಿಯೇ ಇರುತ್ತಿತ್ತು. ಆದರೆ ಹೆಣದ ವಾಸನೆ ಹೋಗುತ್ತಿರಲಿಲ್ಲ. ವಾಸನೆ ಉಳಿದಿದ್ದರೆ ವಸ್ತುವೂ ಉಳಿದಿರಬೇಕಲ್ಲವೆ? ಅವನು ಕ್ಲೋರಿನ್ ಸುಣ್ಣದ ನೀರಿನಲ್ಲಿ, ಆ ವಾಸನೆ ಹೋಗುವವರೆಗೆ, ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದನು. ಮುಂದೆ ಸಲಕರಣೆಗಳಿಗೂ ಆ ನಿಯಮ ವಿಸ್ತರಿಸಿತು. ೧೮೪೮ರಲ್ಲಿ ಸಾವಿನ ಪ್ರಮಾಣ ನೂರಕ್ಕೆ ಒಂದಕ್ಕಿಂತ ತುಸುವೇ ಹೆಚ್ಚು ಎಂಬಷ್ಟಕ್ಕೆ ಇಳಿಯಿತು.

ಈ ಕತೆಯನ್ನು ಕೈತೊಳೆಯುವಿಕೆಯ ಕತೆಯೆಂದು ಎಲ್ಲರೂ ಹೇಳುತ್ತಾರೆ. ಅದು ಪರೀಕ್ಷೆಯ ಕತೆಯೂ ಹೌದು. ಸೆಮ್ಮೆಲ್‌ವೈಸನು 'ತೊಳೆಯಿರಿ' ಎಂದಷ್ಟೇ ಹೇಳಲಿಲ್ಲ. ಅವರು ಮೊದಲೂ ತೊಳೆಯುತ್ತಲೇ ಇದ್ದರು. ತೊಳೆದದ್ದು ತೊಳೆಯಿತೆ ಎಂದು ಮೂಗಿನಿಂದ ಪರೀಕ್ಷಿಸಿ, ಇಲ್ಲವೆಂದು ಕಂಡು, ಕ್ರಮವನ್ನು ಬದಲಾಯಿಸಿದನು.

ಬಳಿಕ ಪಾಶ್ಚರ್ ಮಹಾಶಯನ ಸಂಶೋಧನೆಗಳಿಂದ ಸೂಕ್ಷ್ಮಜೀವಿಗಳ ವಿಷಯ ತಿಳಿದುಬಂತು. ೧೮೬೭ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪದ್ಧತಿಯನ್ನು ಪ್ರಕಟಿಸಿದನು. ಗಾಯ, ಪಟ್ಟಿ, ಸಲಕರಣೆ ಎಲ್ಲಕ್ಕೂ ಆ ದ್ರವದ ಸ್ನಾನವಾಯಿತು. ೧೮೭೯ರ ಸುಮಾರಿಗೆ ಪಾಶ್ಚರನ ಸಹಾಯಕನಾದ ಚಾರ್ಲ್ಸ್ ಶಾಂಬರ್ಲಾನನು ಒತ್ತಡದ ಉಗಿಪಾತ್ರೆಯನ್ನು, ಅಂದರೆ ಆಟೋಕ್ಲೇವನ್ನು, ರೂಪಿಸಿದನು. ನಮ್ಮ ಮನೆಗಳ ಪ್ರೆಷರ್ ಕುಕ್ಕರಿಗೂ ಅದಕ್ಕೂ ತತ್ತ್ವ ಒಂದೇ. ಎರಡಕ್ಕೂ ಮೂಲ ೧೬೭೯ರಲ್ಲಿ ಡೆನಿಸ್ ಪಾಪಿನನು ಮಾಡಿದ ಪಾತ್ರೆ. ೧೮೮೬ರಲ್ಲಿ ಬರ್ಲಿನ್ನಿನ ಬೆರ್ಗಮನ್ನನು ಉಗಿಯ ಶುದ್ಧಿಯನ್ನು ಶಸ್ತ್ರಾಗಾರಕ್ಕೆ ತಂದನು. ಅವನ ಸಹಾಯಕ ಶಿಮ್ಮೆಲ್‌ಬುಶ್ ಎಂಬವನು ಸಲಕರಣೆಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸುವ ಕ್ರಮವನ್ನು ರೂಢಿಗೆ ತಂದನು. ದಂತ ಮತ್ತು ಮರದ ಹಿಡಿಗಳುಳ್ಳ ಹಳೆಯ ಚಾಕುಗಳು ಕುದಿಯನ್ನು ತಡೆಯಲಾರದೆ ಮೂಲೆಗೆ ಸರಿದವು. ಅಡಿಯಿಂದ ಮುಡಿಯವರೆಗೆ ಲೋಹದ ಸಲಕರಣೆಗಳು ಬಂದವು.

ನಮ್ಮ ನಾಡಿನ ಹೊಸ ಆಸ್ಪತ್ರೆಗಳು ಹುಟ್ಟಿದ್ದು ಈ ಕುದಿಸುವ ಯುಗದಲ್ಲಿಯೇ. ೧೮೯೪ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಮೀರಜದಲ್ಲಿ ಆಸ್ಪತ್ರೆ ತೆರೆದರು. ಬೆಳಗಾವಿ ಧಾರವಾಡಗಳ ಕಡೆಯ ಎಷ್ಟೋ ರೋಗಿಗಳು ರೈಲು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಪ್ರಾರಂಭೋತ್ಸವ ನಡೆದುದು ೧೯೦೦ರಲ್ಲಿ. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದುದು ೧೯೫೭ರಲ್ಲಿ. ಸಣ್ಣ ಊರಿನ ದವಾಖಾನೆಗಳಲ್ಲಿಯೂ ಸ್ಟೋವಿನ ಮೇಲೆ ತಗಡಿನ ಪೆಟ್ಟಿಗೆಯಿಟ್ಟು ಸೂಜಿ, ಗಾಜಿನ ಪಿಚಕಾರಿಗಳನ್ನು ಕುದಿಸುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಆ ಗುಳುಗುಳು ಸದ್ದೇ ರೋಗಿಗೆ ಅಭಯವಾಗಿದ್ದಿತು.

ಕುದಿಯಿಂದ ಬಂದ ಪ್ರಯೋಜನ ಅಪಾರ. ಅದನ್ನು ಕಡಿಮೆಯೆನ್ನುವವನು ಅವಿವೇಕಿ. ಆದರೆ ಅದರ ಕೀರ್ತಿಯ ನೆರಳಿನಲ್ಲಿ ತೊಳೆಯುವ ಕೆಲಸ ಮರೆಯಾಯಿತು. ಕೊಲ್ಲುವ ಯಂತ್ರಕ್ಕೆ ಒಂದಾದ ಮೇಲೊಂದು ಪರೀಕ್ಷೆ ಹುಟ್ಟಿದವು. ಶಾಖವನ್ನು ಬಹಳವಾಗಿ ತಡೆಯಬಲ್ಲ ಜೀವಾಣುಗಳ ಬೀಜಕಣಗಳನ್ನು ಉಗಿಪಾತ್ರೆಯೊಳಗಿಟ್ಟು, ಅವು ಸತ್ತುವೆ ಎಂದು ನೋಡುವ ಕ್ರಮ ಬಂತು. ೧೯೬೩ರಲ್ಲಿ ಎಡಿನ್‌ಬರೋದ ಬೋವಿ ಮತ್ತು ಡಿಕ್ ಎಂಬವರು, ಪಾತ್ರೆಯಿಂದ ಗಾಳಿ ಪೂರ್ತಿ ಹೊರಟು ಉಗಿ ಎಲ್ಲ ಕಡೆ ಹೊಕ್ಕಿತೆ ಎಂಬುದನ್ನು ಬಣ್ಣ ಬದಲಾಯಿಸುವ ಪಟ್ಟಿಯಿಂದ ತಿಳಿಯುವ ಉಪಾಯ ಹೇಳಿದರು. ಇಂದಿಗೂ ಬೆಳಿಗ್ಗೆ ಕೆಲಸಕ್ಕೆ ಮೊದಲು ಆ ಪರೀಕ್ಷೆ ನಡೆಯುತ್ತದೆ. ಅದಕ್ಕಿಂತ ಮುಂಚೆ ನಡೆಯಬೇಕಾದ ತೊಳೆಯುವಿಕೆಗೆ ಮಾತ್ರ ಇದ್ದ ಪರೀಕ್ಷೆ ಒಂದೇ: ಕಣ್ಣು.

ಕಣ್ಣು ಸಾಲದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ಹೊಳೆಯುವುದೆಲ್ಲ ಶುದ್ಧವಲ್ಲ ಎಂದು ತಿರುಗಿಸಿಕೊಳ್ಳಬಹುದು. ಚಿಮಟದ ಸಂದು, ಕತ್ತರಿಯ ತಿರುಗಣೆ, ಹಲ್ಲುಗಳ ನಡುವಿನ ಗೆರೆ, ಕೊಳವೆಯ ಒಳಮೈ, ಇವು ಕಣ್ಣಿಗೆ ನಿಲುಕುವ ಜಾಗಗಳಲ್ಲ. ಅಲ್ಲಿ ಒಣಗಿದ ರಕ್ತವಿದ್ದರೆ ಉಗಿಯು ಅದರ ಮೇಲ್ಪದರವನ್ನು ಮಾತ್ರ ತಾಕಿ, ಒಳಗಿರುವ ಜೀವಾಣುವನ್ನು ಮುಟ್ಟದೆ ಹೋಗಬಹುದು. ಜೀವಾಣು ಸತ್ತರೂ ಅದರ ಶವವೂ ವಿಷದ್ರವ್ಯವೂ ಉಳಿದು ಮುಂದಿನ ರೋಗಿಗೆ ಜ್ವರ ತರಬಹುದು. ಕೊಲ್ಲುವುದು ಬೇರೆ, ತೆಗೆಯುವುದು ಬೇರೆ.

ಈ ಸತ್ಯವನ್ನು ಜಗತ್ತು ಕಲಿತದ್ದು ಸುಲಭವಾಗಿಯಲ್ಲ. ೧೯೭೭ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ಕಿನಿಂದ ಒಂದು ದುಃಖದ ವರದಿ ಪ್ರಕಟವಾಯಿತು. ಮೂರ್ಛೆರೋಗದ ಇಬ್ಬರು ಎಳೆಯರಿಗೆ ಮೆದುಳಿನ ಪರೀಕ್ಷೆಗಾಗಿ ಸಣ್ಣ ವಿದ್ಯುತ್ ಸಲಾಕೆಗಳನ್ನು ಬಳಸಿದ್ದರು. ಅವೇ ಸಲಾಕೆಗಳನ್ನು ಮೊದಲು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮೆದುಳುರೋಗವಿದ್ದ ರೋಗಿಗೆ ಬಳಸಲಾಗಿತ್ತು. ನಡುವೆ ಅವುಗಳನ್ನು ಆಲ್ಕೊಹಾಲಿನಿಂದಲೂ ಫಾರ್ಮಾಲ್ಡಿಹೈಡ್ ಆವಿಯಿಂದಲೂ ಶುದ್ಧಿ ಮಾಡಿದ್ದರು. ಆದರೂ ಆ ಇಬ್ಬರಿಗೂ ಅದೇ ರೋಗ ಬಂತು. ಆ ರೋಗದ ಕಾರಣವು ಜೀವಾಣುವಲ್ಲ, ವಿಕೃತಗೊಂಡ ಒಂದು ಪ್ರೋಟೀನು ಎಂದು ೧೯೮೨ರಲ್ಲಿ ಸ್ಟಾನ್ಲಿ ಪ್ರೂಸಿನರ್ ವಾದಿಸಿದರು. ಅದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟರು. ೧೯೯೭ರಲ್ಲಿ ನೊಬೆಲ್ ಬಹುಮಾನ ಪಡೆದರು. ೧೯೯೯ರಲ್ಲಿ ಚಾರ್ಲ್ಸ್ ವೈಸ್‌ಮನ್ ಅವರ ಸಂಶೋಧಕ ತಂಡವು, ರೋಗಗ್ರಸ್ತ ಇಲಿಯ ಮೆದುಳನ್ನು ಸೋಂಕಿದ ಉಕ್ಕಿನ ತಂತಿಯು ತೊಳೆದ ಮೇಲೂ ಆರೋಗ್ಯವಂತ ಇಲಿಗೆ ರೋಗ ಅಂಟಿಸಬಲ್ಲುದೆಂದು ತೋರಿಸಿತು. ಜೀವವೇ ಇಲ್ಲದ ವಸ್ತುವನ್ನು ಕೊಲ್ಲುವುದೆಂತು? ಮಾಮೂಲಿನ ಕುದಿಗೂ ಉಗಿಗೂ ಅದು ಬಗ್ಗಲಿಲ್ಲ. ಅದನ್ನು ಮೊದಲು ತೊಳೆದು ತೆಗೆಯಲೇಬೇಕಾಗಿತ್ತು.

ಬ್ರಿಟನ್ನಿನಲ್ಲಿ ಹುಚ್ಚುದನದ ರೋಗವು ಮನುಷ್ಯರಿಗೂ ಬಂದಿರುವ ಸಂಭವವನ್ನು ೧೯೯೬ರಲ್ಲಿ ಸರ್ಕಾರ ಘೋಷಿಸಿದ ಮೇಲಂತೂ ಗಾಬರಿ ಹೆಚ್ಚಿತು. ೨೦೦೧ರ ಜನವರಿಯಲ್ಲಿ, ಗಂಟಲ ಗ್ರಂಥಿಯ ಶಸ್ತ್ರಕ್ರಿಯೆಗೆ ಒಮ್ಮೆ ಬಳಸಿ ಎಸೆಯುವ ಸಲಕರಣೆಗಳನ್ನೇ ಉಪಯೋಗಿಸಬೇಕೆಂದು ಅಲ್ಲಿ ಆಜ್ಞೆಯಾಯಿತು. ಎಸೆಯತಕ್ಕ ಸಲಕರಣೆಗಳಿಂದ ರಕ್ತಸ್ರಾವದ ತೊಂದರೆಗಳು ಹೆಚ್ಚಾಗಿ ಕಂಡುಬಂದುದರಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಆಜ್ಞೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಎಸೆದು ಪಾರಾಗುವ ದಾರಿ ಎಲ್ಲ ಕಡೆಗೂ ನಡೆಯದು. ಚೆನ್ನಾಗಿ ತೊಳೆಯಬೇಕು, ತೊಳೆದದ್ದನ್ನು ಅಳೆಯಬೇಕು.

ಚೆನ್ನಾಗಿ ತೊಳೆಯುವುದೆಂದರೇನು? ೧೯೫೯ರಲ್ಲಿ ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ರಸಾಯನಜ್ಞನು ಇದನ್ನು ಒಂದು ವೃತ್ತದಲ್ಲಿ ಬರೆದು ತೋರಿಸಿದನು. ತೊಳೆಯುವಿಕೆಗೆ ಅಂಗಗಳು ನಾಲ್ಕು: ರಾಸಾಯನಿಕ, ಶಾಖ, ತಿಕ್ಕುವ ಬಲ, ಕಾಲ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ಈ ಮಾತು ಕೇಳಿ ನಮ್ಮ ಹಳ್ಳಿಯ ಮಡಿವಾಳರು ನಕ್ಕಾರು. ಅವರ ಚೌಳುಮಣ್ಣು ರಾಸಾಯನಿಕ. ಉಬ್ಬೆಯ ಹಂಡೆ ಶಾಖ. ಹಳ್ಳದ ಕಲ್ಲು ಬಲ. ನೆನೆಹಾಕಿದ ರಾತ್ರಿಯೇ ಕಾಲ. ಇನ್ನೊಂದು ಗುಟ್ಟೂ ಅವರಿಗೆ ಗೊತ್ತಿತ್ತು. ರಕ್ತದ ಕಲೆಯಿರುವ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಹಿಂಡದೆ ಉಬ್ಬೆಗೆ ಹಾಕಿದರೆ ಕಲೆ ಕೂತುಬಿಡುತ್ತದೆ.

ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿರುವ ತೊಳೆಯುವ ಯಂತ್ರವು ಇದೇ ಕ್ರಮವನ್ನು ಅನುಸರಿಸುತ್ತದೆ. ನೋಡಲು ಅದೊಂದು ಉಕ್ಕಿನ ಕಪಾಟು. ಒಳಗೆ ಜಾಳಿಗೆಯ ತಟ್ಟೆಗಳು. ಅವುಗಳ ಮೇಲೆ ಬಾಯಿ ತೆರೆದಿಟ್ಟ ಕತ್ತರಿ ಚಿಮಟಗಳು. ಮೇಲೂ ಕೆಳಗೂ ಗಿರಗಿರನೆ ತಿರುಗುತ್ತ ನೀರು ಚಿಮ್ಮುವ ತೋಳುಗಳು. ಮೊದಲು ತಣ್ಣೀರು: ಸುಮಾರು ೪೫ ಡಿಗ್ರಿ ಸೆಲ್ಸಿಯಸಿಗೆ ಮೀರಿದ ನೀರು ಬಿದ್ದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಲೋಹಕ್ಕೆ ಅಂಟುತ್ತದೆ. ಅನಂತರ ಮಾರ್ಜಕ ಬೆರೆತ ಬೆಚ್ಚನೆಯ ನೀರು. ಆ ಬಳಿಕ ಜಾಲಿಸುವಿಕೆ. ಕೊನೆಗೆ ಸುಡುನೀರು. ೮೦ ಡಿಗ್ರಿಯಲ್ಲಿ ೧೦ ನಿಮಿಷದ ಕೆಲಸವನ್ನು ೯೦ ಡಿಗ್ರಿಯ ನೀರು ೧ ನಿಮಿಷದಲ್ಲಿ ಮಾಡುತ್ತದೆಂಬುದು ಲೆಕ್ಕ. ಶಸ್ತ್ರಕ್ರಿಯೆಯ ಸಲಕರಣೆಗಳಿಗೆ ೯೦ ಡಿಗ್ರಿಯಲ್ಲಿ ೫ ನಿಮಿಷ ಕೊಡುವುದು ವಾಡಿಕೆ. ಒಣಗಿ ಹೊರಬಂದ ಮೇಲೆ ಪರಿಶೀಲನೆ, ಕಟ್ಟು ಕಟ್ಟುವುದು, ಆಮೇಲೆ ಉಗಿಪಾತ್ರೆ. ಇಂಥ ಯಂತ್ರಗಳು ಹೇಗಿರಬೇಕು, ಅವುಗಳನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಐ.ಎಸ್.ಓ. ೧೫೮೮೩ ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಮೊದಲ ಭಾಗ ಹೊರಬಂದುದು ೨೦೦೬ರಲ್ಲಿ. ಶಾಂಬರ್ಲಾನನ ಉಗಿಪಾತ್ರೆಯಿಂದ ಇಲ್ಲಿಗೆ ಸುಮಾರು ೧೨೭ ವರ್ಷಗಳಾದವೆಂಬುದನ್ನು ಓದುಗರು ಲೆಕ್ಕ ಹಾಕಿಕೊಳ್ಳಲಿ.

ಯಂತ್ರವೆಂದ ಮಾತ್ರಕ್ಕೆ ತಪ್ಪದೆಂದು ತಿಳಿಯಬಾರದು. ನೀರು ಚಿಮ್ಮುವ ತೂತಿನಲ್ಲಿ ದಾರದ ಎಳೆಯೊಂದು ಸಿಕ್ಕಿದರೆ ಒಂದು ಮೂಲೆಗೆ ನೀರೇ ತಲುಪದು. ತಟ್ಟೆಯಲ್ಲಿ ಒತ್ತೊತ್ತಾಗಿ ತುಂಬಿದರೆ ಒಂದು ಸಲಕರಣೆ ಇನ್ನೊಂದಕ್ಕೆ ಮರೆಯಾಗುತ್ತದೆ. ಮಾರ್ಜಕ ಮುಗಿದಿದ್ದರೂ ಯಂತ್ರ ಸದ್ದು ಮಾಡುತ್ತಲೇ ಇದ್ದೀತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥಲ್ಲಿಗೇ. ಹಾಗೆ ಪರಾಂಬರಿಸುವ ವಿಧಾನಗಳನ್ನು ಒಂದೊಂದಾಗಿ ನೋಡಿರಿ.

ಮೊದಲನೆಯದು ಕಣ್ಣೇ, ಆದರೆ ಒಳ್ಳೆಯ ದೀಪ ಮತ್ತು ಭೂತಗನ್ನಡಿಯ ಸಹಾಯ ಪಡೆದ ಕಣ್ಣು. ಎರಡನೆಯದು ಹೈಡ್ರೋಜನ್ ಪೆರಾಕ್ಸೈಡ್. ಸಂದಿನಲ್ಲಿ ಒಂದೆರಡು ಹನಿ ಬಿಟ್ಟರೆ, ರಕ್ತದ ಅಂಶವಿದ್ದಲ್ಲಿ ನೊರೆಗುಳ್ಳೆಗಳೇಳುತ್ತವೆ. ಈ ಗುಣವನ್ನು ರಕ್ತ ಪತ್ತೆಗೆ ಬಳಸಬಹುದೆಂದು ೧೮೬೩ರಲ್ಲಿಯೇ ಷೋನ್‌ಬೈನ್ ಎಂಬ ಪಂಡಿತನು ತಿಳಿಸಿದ್ದನು. ಕೊಲೆಗಾರನ ಬಟ್ಟೆಯ ಮೇಲಿನ ಕಲೆ ಯಾವುದೆಂದು ತಿಳಿಯಲು ಹುಟ್ಟಿದ ವಿದ್ಯೆ ಆಸ್ಪತ್ರೆಗೂ ಬಂತು.

ಮೂರನೆಯದು ಯಂತ್ರಕ್ಕೇ ಒಡ್ಡುವ ಪರೀಕ್ಷೆ. ಮಾಸ್ತರಿಕೆಯವನಾದ ನನಗೆ ಇದು ಬಹಳ ಹಿಡಿಸಿದೆ. ಚಿಕ್ಕದೊಂದು ಉಕ್ಕಿನ ಫಲಕದ ಮೇಲೆ ಒಣಗಿದ ರಕ್ತದ ಗುಣಗಳುಳ್ಳ ಕೆಂಪು ಲೇಪವನ್ನು ಹಚ್ಚಿರುತ್ತಾರೆ. ನೀರು ನೇರವಾಗಿ ಬೀಳದಂತೆ, ಚಿಮಟದ ಸಂದಿನ ಹಾಗೆ, ಅದಕ್ಕೊಂದು ಹೊದಿಕೆ. ಇಂಥ ಫಲಕಗಳನ್ನು ಯಂತ್ರದ ಬೇರೆ ಬೇರೆ ಮೂಲೆಗಳಲ್ಲಿಟ್ಟು ಒಂದು ಸರದಿ ನಡೆಸುತ್ತಾರೆ. ಕೆಂಪು ಪೂರ್ತಿ ಹೋಗಿದ್ದರೆ ಉತ್ತೀರ್ಣ. ಕೆಂಪು ಹೋಗಿ ಬಿಳಿಯ ನಾರಿನ ಪೊರೆ ಉಳಿದಿದ್ದರೆ, ನೀರಿನಲ್ಲಿ ಕರಗುವ ಭಾಗ ಹೋಯಿತು, ಹೆಪ್ಪಿನ ಎಳೆಗಳು ಹೋಗಲಿಲ್ಲ ಎಂದು ಅರ್ಥ. ಯಾವ ಮೂಲೆಯ ಫಲಕದಲ್ಲಿ ಕೊಳೆ ಉಳಿಯಿತೋ ಆ ಮೂಲೆಯ ತೋಳನ್ನು ಬಿಚ್ಚಿ ನೋಡಬೇಕು. ಪಾಠ ಹೇಳಿದ ಮಾತ್ರಕ್ಕೆ ಹುಡುಗ ಕಲಿತನೆಂದಲ್ಲ. ಪ್ರಶ್ನೆಪತ್ರಿಕೆ ಕೊಟ್ಟಾಗಲೇ ಹಿಂದಿನ ಬೆಂಚಿಗೆ ಮಾತು ಮುಟ್ಟಿತೋ ಇಲ್ಲವೋ ತಿಳಿಯುವುದು.

ನಾಲ್ಕನೆಯದು ಪ್ರೋಟೀನಿನ ಶೋಧ. ೧೯೧೦ರಲ್ಲಿ ಸೀಗ್‌ಫ್ರೀಡ್ ರೂಹೆಮನ್ ಎಂಬವನು ನಿನ್‌ಹೈಡ್ರಿನ್ ಎಂಬ ದ್ರವ್ಯವನ್ನು ಕಂಡುಹಿಡಿದನು. ಪ್ರೋಟೀನಿನ ಘಟಕಗಳೊಡನೆ ಅದು ನೇರಳೆ ಬಣ್ಣ ಕೊಡುತ್ತದೆ. ೧೯೫೪ರಲ್ಲಿ ಸ್ವೀಡನ್ನಿನವರು ಅದರಿಂದ ಕಾಗದದ ಮೇಲಿನ ಬೆರಳಚ್ಚನ್ನು ಕಾಣುವಂತೆ ಮಾಡಿದರು. ಸಲಕರಣೆಯನ್ನು ಒದ್ದೆ ಹತ್ತಿಯ ಕಡ್ಡಿಯಿಂದ ಒರಸಿ, ಆ ಹತ್ತಿಗೆ ಇದನ್ನು ಸೇರಿಸಿ ಕಾಯಿಸಿದರೆ, ನೇರಳೆ ಬಂದಲ್ಲಿ ಕೊಳೆಯುಂಟು. ಆದರೆ ಒಣಗಿದ ಪ್ರೋಟೀನು ಹತ್ತಿಗೆ ಸುಲಭವಾಗಿ ಬರುವುದಿಲ್ಲ. ಬಣ್ಣ ಬರಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಆದಕಾರಣ ಬ್ರಿಟನ್ನಿನ ಆರೋಗ್ಯ ಇಲಾಖೆಯ ೨೦೧೬ರ ಮಾರ್ಗಸೂಚಿಯು, ಒರಸುವುದನ್ನು ನೆಚ್ಚದೆ ಸಲಕರಣೆಯ ಮೈಮೇಲೆಯೇ ಪ್ರೋಟೀನನ್ನು ಅಳೆಯಬೇಕೆಂದೂ, ಒಂದು ಪಕ್ಕದಲ್ಲಿ ೫ ಮೈಕ್ರೋಗ್ರಾಮಿಗಿಂತ ಹೆಚ್ಚು ಉಳಿದಿರಬಾರದೆಂದೂ ಹೇಳಿತು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಸಕ್ಕರೆಯ ಒಂದೇ ಹರಳು ಅಂಥ ನೂರಾರು ಮೈಕ್ರೋಗ್ರಾಂ ತೂಗುತ್ತದೆ.

ಐದನೆಯದಕ್ಕೆ ಗುರು ಮಿಂಚುಹುಳು. ಮಳೆಗಾಲದ ಮುನ್ನಿನ ಇರುಳುಗಳಲ್ಲಿ ಮಿಣುಮಿಣುಕೆನ್ನುವ ಈ ಹುಳುವನ್ನು ನಮ್ಮ ಕಾಡುನಾಡಿನವರಿಗೆ ಪರಿಚಯಿಸಬೇಕಾಗಿಲ್ಲ. ಅದರ ಬೆಳಕಿಗೆ ಏ.ಟಿ.ಪಿ. ಎಂಬ ದ್ರವ್ಯ ಬೇಕೆಂದು ೧೯೪೭ರಲ್ಲಿ ಅಮೆರಿಕದ ವಿಲಿಯಂ ಮೆಕ್ಎಲ್ರಾಯ್ ತೋರಿಸಿದರು. ಸಂಶೋಧನೆಗಾಗಿ ಬಾಲ್ಟಿಮೋರಿನ ಮಕ್ಕಳಿಗೆ ನೂರು ಹುಳುವಿಗೆ ಇಪ್ಪತ್ತೈದು ಸೆಂಟಿನಂತೆ ಕೊಟ್ಟು ಹುಳು ತರಿಸುತ್ತಿದ್ದರಂತೆ. ಜೀವಕೋಶಗಳಿದ್ದಲ್ಲೆಲ್ಲ ಈ ಏ.ಟಿ.ಪಿ. ಉಂಟು. ಸಲಕರಣೆಯನ್ನು ಒರಸಿದ ಕಡ್ಡಿಯನ್ನು ಮಿಂಚುಹುಳುವಿನ ದ್ರವ್ಯದಲ್ಲಿ ಅದ್ದಿ, ಹೊಮ್ಮುವ ಬೆಳಕನ್ನು ಚಿಕ್ಕ ಯಂತ್ರದಿಂದ ಅಳೆದರೆ ಕೆಲವೇ ಕ್ಷಣಗಳಲ್ಲಿ ಉತ್ತರ ದೊರೆಯುತ್ತದೆ.

ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕುರುಡುಂಟು. ಪೆರಾಕ್ಸೈಡಿಗೆ ಕೊಬ್ಬು ಕಾಣದು. ಮಿಂಚುಹುಳುವಿನ ಬೆಳಕಿಗೆ ಬರಿಯ ಪ್ರೋಟೀನು ಕಾಣದು. ಫಲಕದ ಪರೀಕ್ಷೆ ಯಂತ್ರವನ್ನು ನೋಡುತ್ತದೆ. ಈ ಕತ್ತರಿ ಶುದ್ಧವೇ ಎಂಬುದಕ್ಕೆ ಉತ್ತರಿಸದು. ಆದುದರಿಂದ ಎರಡು ಮೂರನ್ನು ಸೇರಿಸಿ ನಡೆಸಬೇಕು. ಫಲಿತಾಂಶವನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಬೇಕು.

ಇದೆಲ್ಲ ದೂರದೇಶದ ಮಾತೆಂದು ಪುಟ ತಿರುಗಿಸಬೇಡಿರಿ. ನಮ್ಮ ದೇಶದ ವೈದ್ಯರೇ ೨೦೦೬ರಲ್ಲಿ ಪ್ರಕಟಿಸಿದ ಒಂದು ವರದಿಯುಂಟು. ಒಂದು ಆಸ್ಪತ್ರೆಯಲ್ಲಿ ಆರು ವಾರಗಳ ಅವಧಿಯಲ್ಲಿ, ದೂರದರ್ಶಕ ಕೊಳವೆಯಿಂದ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ೩೫ ಮಂದಿಗೆ ಗಾಯದಲ್ಲಿ ಹಟಮಾರಿ ಸೋಂಕು ಕಾಣಿಸಿತು. ಕ್ಷಯದ ಬಳಗಕ್ಕೆ ಸೇರಿದ, ನೀರಿನಲ್ಲಿ ವಾಸಿಸುವ ಒಂದು ಜೀವಾಣು ಅದಕ್ಕೆ ಕಾರಣ. ಸಲಕರಣೆಗಳಿಗೆ ರಾಸಾಯನಿಕದಿಂದ ಶುದ್ಧಿಯಾಗಿತ್ತು. ಆಮೇಲೆ ಆ ರಾಸಾಯನಿಕವನ್ನು ಹೋಗಲಾಡಿಸಲು ಜಾಲಿಸಿದ ನೀರಿನಲ್ಲಿಯೇ ಜೀವಾಣು ಇದ್ದಿತು! ಜಲಾಶಯದ ನೀರಾಗಲಿ ಕೊಳವೆಬಾವಿಯ ನೀರಾಗಲಿ, ಕುಡಿಯಲು ಯೋಗ್ಯವೆಂದ ಮಾತ್ರಕ್ಕೆ ಗಾಯಕ್ಕೆ ಯೋಗ್ಯವೆನಿಸದು. ತೊಳೆಯುವ ನೀರಿಗೂ ಪರೀಕ್ಷೆ ಬೇಕೆಂಬುದು ಆ ೩೫ ಜನರ ನೋವಿನಿಂದ ಬಂದ ಪಾಠ.

ಇನ್ನು ಸಣ್ಣ ಊರುಗಳ ಆಸ್ಪತ್ರೆಗಳ ಮಾತು. ಎಲ್ಲೆಡೆಯೂ ತೊಳೆಯುವ ಯಂತ್ರವಿರುವುದಿಲ್ಲ. ಕೈಯಿಂದ ತೊಳೆಯುವುದೇ ಹೆಚ್ಚು. ಬಿಳಗಿಯಲ್ಲಿ ೧೯೧೬ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ನೇತ್ರ ಶಿಬಿರಗಳು ನಮ್ಮ ನಾಡಿನಲ್ಲಿ ಮನೆಮಾತು. ಒಂದೇ ದಿನ ೮೩೩ ಕಣ್ಣುಪೊರೆಗಳನ್ನು ತೆಗೆದ ದಾಖಲೆ ಅವರದು. ಅಂಥ ದೊಡ್ಡ ಶಿಬಿರದಲ್ಲಿ ಶಸ್ತ್ರವೈದ್ಯನ ಕೈಗಳ ಹಿಂದೆ ಸಲಕರಣೆಗಳನ್ನು ಅಣಿಮಾಡುವ ಎಷ್ಟು ಕೈಗಳು ದುಡಿಯಬೇಕೆಂಬುದನ್ನು ಊಹಿಸಿಕೊಳ್ಳಿರಿ. ಹೊಗಳಿಕೆ ಶಸ್ತ್ರವೈದ್ಯನಿಗೆ ಸಲ್ಲುತ್ತದೆ. ತೊಳೆಯುವವರ ಹೆಸರನ್ನು ಯಾರೂ ಕೇಳುವುದಿಲ್ಲ.

ಕೈಯಿಂದ ತೊಳೆದರೂ ಚೆನ್ನಾಗಿ ತೊಳೆಯಬಹುದು. ಬಳಸಿದೊಡನೆ, ರಕ್ತ ಒಣಗುವ ಮುಂಚೆ, ನೆನೆಹಾಕಬೇಕು. ತಿರುಗಣೆಗಳನ್ನು ಬಿಚ್ಚಬೇಕು. ಹನಿ ಸಿಡಿಯದಂತೆ ನೀರಿನೊಳಗೇ ಮುಳುಗಿಸಿ ಕುಂಚದಿಂದ ತಿಕ್ಕಬೇಕು. ತೊಳೆಯುವವರಿಗೆ ದಪ್ಪ ಕೈಚೀಲ, ಮುಖಕ್ಕೆ ಮರೆ ಕೊಡಬೇಕು. ೨೦೨೦ರ ಜನವರಿಯಲ್ಲಿ ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು ಹೊರಡಿಸಿದ ಸೋಂಕುತಡೆಯ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ತೊಳೆಯುವಿಕೆಗೆ ಮೊದಲ ಸ್ಥಾನವಿದೆ. ತೊಳೆಯದ ಸಲಕರಣೆಗೆ ಮುಂದಿನ ಯಾವ ಶುದ್ಧಿಯೂ ಫಲಿಸದು. ೨೦೧೫ರಲ್ಲಿ ಆರಂಭವಾದ 'ಕಾಯಕಲ್ಪ' ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಕೊಡುತ್ತಾರೆ. ಭೂತಗನ್ನಡಿ, ಪೆರಾಕ್ಸೈಡಿನ ಒಂದು ಬಾಟಲಿ, ಬರೆದಿಡಲು ಒಂದು ದಪ್ಪ ಪುಸ್ತಕ, ಇವಿಷ್ಟನ್ನು ಹೊಂದಿಸಿಕೊಳ್ಳಲಾರದ ಆಸ್ಪತ್ರೆ ಇರಲಾರದು.

ಹಾಗಾದರೆ ನಾವು ನೀವು ಮಾಡತಕ್ಕದ್ದೇನು? ಡಾಕ್ಟರರ ಮೇಲೆ ಸಂಶಯ ಪಡಬೇಕೆಂದು ನಾನು ಹೇಳುತ್ತಿಲ್ಲ. ಶಸ್ತ್ರಕ್ರಿಯೆಯಿಂದ ಬದುಕಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಸಂಶಯಪಟ್ಟು ಮನೆಯಲ್ಲಿಯೇ ಉಳಿದು ಕೆಟ್ಟವರೂ ಇದ್ದಾರೆ. ಆದರೆ ಆಸ್ಪತ್ರೆಯ ಸಲಹಾ ಸಮಿತಿಯಲ್ಲಿ ನಿಮ್ಮಲ್ಲಿ ಯಾರಾದರೂ ಇದ್ದೀರಿ. ಊರಿನ ಪಂಚಾಯಿತಿಯಲ್ಲಿ ಇದ್ದೀರಿ. ಧರ್ಮಕ್ಕೆಂದು ಆಸ್ಪತ್ರೆಗೆ ಮಂಚ, ಗಡಿಯಾರ, ಪಂಖಾಗಳನ್ನು ದಾನ ಕೊಡುವವರಿದ್ದೀರಿ. ಮುಂದಿನ ಸಲ ಹೋದಾಗ ವಿನಯದಿಂದ ಎರಡು ಮಾತು ಕೇಳಿರಿ. ಸಲಕರಣೆ ತೊಳೆಯುವ ಕೋಣೆಯಲ್ಲಿ ಒಳ್ಳೆಯ ದೀಪವೂ ಭೂತಗನ್ನಡಿಯೂ ಇವೆಯೆ? ತೊಳೆದದ್ದನ್ನು ಪರೀಕ್ಷಿಸಿ ಬರೆದಿಡುವ ಪುಸ್ತಕವಿದೆಯೆ? ಇಲ್ಲವೆಂದರೆ ಈ ವರ್ಷದ ದಾನವನ್ನು ಆ ಕೋಣೆಗೆ ಕೊಡಿರಿ. ಇದೆ ಎಂದರೆ, ಆ ಪುಸ್ತಕದಲ್ಲಿ ದಿನದಿನವೂ ಸಹಿ ಮಾಡುತ್ತಿರುವವರು ಯಾರೆಂದು ಕೇಳಿ, ಅವರ ಹೆಸರು ತಿಳಿದುಕೊಂಡು ಬನ್ನಿರಿ.